ಬಂದರಿನ ತುಂಬ ಹಸಿರು ಚುಕ್ಕೆ

ಕಂಪ್ಯೂಟರ್ ಸರ್ವರಿಗೆ ದಾಸವಾಳದ ಮಾಲೆ ಹಾಕಬೇಡಿ ಎಂದು ಗಾಯತ್ರಿ ಬಾಯಿ ನೋಯುವಷ್ಟು ಹೇಳಿದ್ದಳು. ಆದರೂ ಹಾಕಿದರು. ಉದ್ಘಾಟನೆಯ ದಿನ ಕುಂಕುಮ ಹಚ್ಚಿ, ಅಕ್ಷತೆ ಎರಚಿ, ಎದುರಿಗೇ ತೆಂಗಿನಕಾಯಿ ಒಡೆದು, ಅದರ ನೀರನ್ನೂ ನಾಲ್ಕು ಹನಿ ಚಿಮುಕಿಸಿದರು. ಯಂತ್ರದ ಫ್ಯಾನು ಒಂದೆರಡು ಎಸಳು ಒಳಗೆಳೆದುಕೊಂಡು ಕರಕರ ಎನ್ನತೊಡಗಿತು. ದೋಣಿ ಮಾಲೀಕರ ಸಂಘದ ಅಧ್ಯಕ್ಷ ಮಂಗೇಶ ಸರ್ ಕೈ ಮುಗಿದು, "ಕೇಳಿ, ಮಿಷನ್ನೇ ಹೂಂ ಅಂತದೆ!" ಎಂದರು. ಬೆಂಗಳೂರಿನಿಂದ ಬಂದ ಸಾಹೇಬರು ನಕ್ಕರು, ಅವರು ನಕ್ಕರೆಂದು ಸಭೆಯೆಲ್ಲ ನಕ್ಕಿತು. ಗಾಯತ್ರಿ ಮಾತ್ರ ಹಲ್ಲು ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು.

ಆ ಯಂತ್ರವನ್ನು ಕೆಲಸಕ್ಕೆ ಎಬ್ಬಿಸಿದವಳು ಅವಳು. ಅಂಕೋಲೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು, ಅಮದಳ್ಳಿ ದಾಟಿ ಕಾರವಾರಕ್ಕೆ ಬಂದು, ಬೈತಖೋಲ ಬಂದರಿನ ಪಕ್ಕದ ಸಂಘದ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ನೌಕರಿ. ಅಣ್ಣ ಕಿಶೋರ ಅದೇ ಸಂಘದ ಸದಸ್ಯ, ತನ್ನ ಬೋಟನ್ನು ತಾನೇ ನಡೆಸುವ ತಾಂಡೇಲ. ಸಂಘ ಈ ವರ್ಷ ಪ್ರತಿ ಬೋಟಿನ ಕ್ಯಾಬಿನ್ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂರಿಸಿತ್ತು. ಬೋಟು ಎಲ್ಲಿದೆ ಎಂದು ಅದು ಉಪಗ್ರಹದ ಮೂಲಕ ಹೇಳುತ್ತದೆ. ಅದರ ಕೆಂಪು ಗುಂಡಿ ಒತ್ತಿದರೆ, ನಾವು ಕಷ್ಟದಲ್ಲಿದ್ದೇವೆ, ಬನ್ನಿ ಎಂದು ಕೂಗುತ್ತದೆ. ಆ ಕೂಗು ಪೆಟ್ಟಿಗೆಯ ಕಂಪನಿಯ ಮೂಲಕ ಬಂದು ಮುಟ್ಟುವುದು ಸಂಘದ ಸರ್ವರಿಗೆ.

ಪೆಟ್ಟಿಗೆಯ ಕಂಪನಿ ತನ್ನ ತಂತ್ರಾಂಶವನ್ನು ಕೊಡುವುದು ಕಂಟೇನರೆಂಬ ಕಟ್ಟಿನಲ್ಲಿ, ಆ ಕಟ್ಟನ್ನು ಓಡಿಸುವುದು ಡಾಕರ್ ಎಂಬ ಇನ್ನೊಂದು ತಂತ್ರಾಂಶ. ಸಂಘದ ಲಿನಕ್ಸ್ ಸರ್ವರಿನಲ್ಲಿ ಯಾರೋ ಎಂದೋ ಹಾಕಿ ಮರೆತಿದ್ದ ಹಳೇ ಡಾಕರಿತ್ತು. ಗಾಯತ್ರಿ ಅದನ್ನು ಬೇರುಸಹಿತ ಕಿತ್ತಳು. ಹೊಸದು ಸಿಗುವ ರೆಪೊಸಿಟರಿ ಸೇರಿಸಿ, ಅದು ಅಸಲಿಯೇ ಎಂದು ಅದರ ಕೀ ತಾಳೆ ನೋಡಿ, ಹೊಸದನ್ನು ಹಾಕಿ, ಪರೀಕ್ಷೆಗೆಂದು ಇರುವ ಪುಟ್ಟ ಕಂಟೇನರನ್ನು ಓಡಿಸಿದಾಗ ಪರದೆಯ ಮೇಲೆ ಹಲೋ ಎಂಬ ಸಾಲು ಬಂತು. ಅವತ್ತು ಅವಳು ಒಬ್ಬಳೇ ಹೋಗಿ ಚಾ ಜೊತೆ ಬನ್ಸ್ ತಿಂದು ಬಂದಳು. ಕಂಟೇನರೆಂದರೆ ಊಟದ ಡಬ್ಬಿಯ ಹಾಗೆ, ಇವತ್ತಿನದು ನಾಳೆ ತೊಳೆದುಹೋಗುತ್ತದೆ. ಅದಕ್ಕೇ ಬೋಟುಗಳ ಮಾಹಿತಿಯೆಲ್ಲ ಡಬ್ಬಿಯ ಹೊರಗೆ, ಸರ್ವರಿನದೇ ಫೋಲ್ಡರಿನಲ್ಲಿ ಉಳಿಯುವಂತೆ ಮಾಡಿದಳು. ಕರೆಂಟು ಹೋಗಿ ಬಂದರೆ ಯಾರೂ ಕೈ ಹಚ್ಚದೆ ಡಾಕರು ತಾನಾಗಿ ಏಳಬೇಕು, ಅದರ ಬೆನ್ನಿಗೆ ಕಂಟೇನರೂ ಏಳಬೇಕು. ಅದನ್ನೂ ಮಾಡಿದಳು. ನಮ್ಮ ಕಡೆಯ ಕರೆಂಟಿನ ಗುಣ ಅವಳಿಗೆ ಹೊಸದಲ್ಲ.

ಕರೆಂಟಿನದೇ ಇನ್ನೊಂದು ಜಗಳವಿತ್ತು. ಹಿಂದೊಮ್ಮೆ ಸಿಡಿಲು ಹೊಡೆದು ಸಂಘದ ಐಸ್ ಫ್ಯಾಕ್ಟರಿಯ ಮೋಟಾರು ಸುಟ್ಟಿತ್ತು. ಅಂದಿನಿಂದ ಆಕಾಶ ಗುಡುಗಿತೆಂದರೆ ಸಿಪಾಯಿ ನಾಗ ಮೊದಲು ಓಡುವುದು ಮೇನ್ ಸ್ವಿಚ್ಚಿನ ಕಡೆಗೆ. ಮೇನು ಕೆಳಗೆ ಬಿದ್ದ ಮೇಲೆ ಪ್ಲಗ್ಗುಗಳನ್ನೂ ಒಂದೊಂದಾಗಿ ಕಿತ್ತಿಡುತ್ತಿದ್ದ. ಗಾಯತ್ರಿ ಸರ್ವರಿಗೆ ಬೇರೆ ವಾಯರು ಎಳೆಸಿ, ಬ್ಯಾಟರಿ ಇಡಿಸಿ, ಇದನ್ನು ಮುಟ್ಟಬೇಡ ಎಂದು ಅವನಿಗೆ ಹೇಳಿಟ್ಟಳು. ನಾಗ ಅಡ್ಡಿಲ್ಲ ಎಂದ. ನಾಗ ಎಲ್ಲದಕ್ಕೂ ಅಡ್ಡಿಲ್ಲ ಎನ್ನುವವನು.

ಸಂಘದ ಸಭಾಂಗಣದ ದೊಡ್ಡ ಟೀವಿಯಲ್ಲಿ ನಕ್ಷೆ ಮೂಡಿತು. ಬೋಟುಗಳಲ್ಲಿ ದುಡಿಯುವವರ ಹೆಂಡಂದಿರು, ತಾಯಂದಿರು ಬುಟ್ಟಿ ಹೊರಗಿಟ್ಟು ಒಳಗೆ ಬಂದು ನೋಡತೊಡಗಿದರು. ಓದಲು ಬಾರದವರೇ ಹೆಚ್ಚು. ಗಾಯತ್ರಿ ಅವರನ್ನು ಕೂರಿಸಿ ಹೇಳಿಕೊಟ್ಟಳು: ಹಸಿರು ಚುಕ್ಕೆಯೆಂದರೆ ಬೋಟು ಬಂದರಿನಲ್ಲಿದೆ, ನೀಲಿಯೆಂದರೆ ಕಡಲಲ್ಲಿ, ಕೆಂಪೆಂದರೆ ಸಹಾಯ ಬೇಕು. ಅಣ್ಣನ ಬೋಟಿನಲ್ಲಿ ಬಲೆ ಎಳೆಯುವ ಖಲಾಸಿ ಸುಕ್ರನ ಹೆಂಡತಿ ತಿಮ್ಮಿ ಎಲ್ಲರಿಗಿಂತ ಬೇಗ ಕಲಿತಳು. ಶಾಲೆಯ ಟೀಚರನ್ನು ಕರೆಯುವ ಹಾಗೆ, ಆ ಹೆಂಗಸರಿಗೆಲ್ಲ ಗಾಯತ್ರಿ ಅಂದಿನಿಂದ ಅಕ್ಕೋರಾದಳು.

ತೊಂದರೆ ಹುಟ್ಟಿದ್ದು ನಕ್ಷೆ ನಿಜ ಹೇಳಿದ್ದರಿಂದ.

"ಇದೆಂತ ಗಾಯತ್ರಿ?" ಎಂದು ಮಂಗೇಶ ಸರ್ ಉದ್ಘಾಟನೆಯ ಹಿಂದಿನ ದಿನ ಟೀವಿ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. "ನಲವತ್ತು ಬೋಟಿಗೆ ಪೆಟ್ಟಿಗೆ ಕೊಟ್ಟದೆ. ಇಲ್ಲಿ ನೋಡಿದ್ರೆ ಏಳೆಂಟು ಚುಕ್ಕೆ."

"ಉಳಿದವ್ರು ಬಂದ್ ಮಾಡಿಟ್ಕಂಡಿದ್ದಾರೆ ಸರ್. ಮೀನು ಸಿಕ್ಕೂ ಜಾಗ ಬೇರೆಯವ್ರಿಗೆ ಗೊತ್ತಾಗ್ತದೆ ಅಂತ."

ಇದು ಬಂದರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ತನಗೆ ಬಂಗಡೆಯ ಹಿಂಡು ಸಿಕ್ಕಿದ ಜಾಗವನ್ನು ತಾಂಡೇಲನಾದವನು ಹೆಂಡತಿಗೂ ಹೇಳುವುದಿಲ್ಲ, ಇನ್ನು ಟೀವಿಗೆ ಹೇಳುತ್ತಾನೆಯೇ? ಮಂಗೇಶ ಸರ್ ಅವರನ್ನೆಲ್ಲ ಕರೆದು ಬೈಯಬೇಕಿತ್ತು. ಬೈದರೆ ಮುಂದಿನ ಚುನಾವಣೆಯಲ್ಲಿ ಮತ ಹೋಗುತ್ತದೆ. ಹಾಗಾಗಿ ಅವರು ಕಂಪನಿಯ ರೂಪೇಶನಿಗೆ ಫೋನ್ ಮಾಡಿದರು.

ರೂಪೇಶ ಇಸ್ತ್ರಿ ಅಂಗಿ ತೊಟ್ಟು ಬಂದು, ಗಾಯತ್ರಿ ಎಬ್ಬಿಸಿದ್ದ ಕಂಟೇನರನ್ನು ನಿಲ್ಲಿಸಿ, ಪ್ರದರ್ಶನಕ್ಕೆಂದೇ ಮಾಡಿದ ಇನ್ನೊಂದನ್ನು ಓಡಿಸಿದ. ಅದರೊಳಗೆ ಸಂಘದ ನಲವತ್ತೂ ಬೋಟುಗಳ ಹೆಸರು ತುಂಬಿದ. ಬೆಳಗಿನ ಹೊತ್ತಿಗೆ ಎಲ್ಲ ಬೋಟು ಬಂದರಿನಲ್ಲಿ ಹಸಿರಾಗಿ ಸಾಲುಗಟ್ಟಿ ನಿಲ್ಲುತ್ತವೆ, ಸಂಜೆಗೆ ನೀಲಿಯಾಗಿ ಮೆರವಣಿಗೆ ಹೊರಟಂತೆ ಕಡಲಿಗಿಳಿಯುತ್ತವೆ. ಸಾಹೇಬರು ನೋಡಿ ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋದಲ್ಲಿ ಮಾಲೆ ಹಾಕಿದ ಸರ್ವರು, ಪಕ್ಕದಲ್ಲಿ ಮಾಲೆ ಹಾಕಿಸಿಕೊಂಡ ಮಂಗೇಶ ಸರ್.

ಅವತ್ತು ಸಂಜೆಯೇ ಗಾಯತ್ರಿ ಸುಳ್ಳಿನ ಕಂಟೇನರನ್ನು ನಿಲ್ಲಿಸಿ, ನಿಜದ್ದನ್ನು ಮತ್ತೆ ಎಬ್ಬಿಸಿದಳು. ಸುಳ್ಳಿನದನ್ನು ಅಳಿಸಿಹಾಕಬೇಕು ಎನ್ನುವಷ್ಟರಲ್ಲಿ ಮಂಗೇಶ ಸರ್ ಬಾಗಿಲಲ್ಲಿ ನಿಂತಿದ್ದರು.

"ತೆಗೀಬೇಡ. ದೀಪಾವಳಿ ಆದ್ಮೇಲೆ ಬೆಂಗಳೂರಿಂದ ಇನ್ನೊಂದ್ ತಂಡ ನೋಡೂಕೆ ಬತ್ತದೆ. ಬಂದ್ ಮಾಡಿಡು, ಸಾಕು."

"ಸುಳ್ಳು ನಕ್ಷೆ ಸರ್ ಅದು. ಎಂತಕ್ಕೆ ಇಟ್ಕಳ್ಳೂದು?"

"ನಿಂಗೆ ಎಲ್ಲದಕ್ಕೂ ಸಿಟ್ಟು. ಬಂದ್ ಮಾಡಿಟ್ಟದ್ದು ಎದ್ದು ಬಂದು ನಿನ್ನ ಕಚ್ಚೂದಿಲ್ಲ ಮಾರಾಯ್ತಿ."

ಅವಳು ಉರಿದುಕೊಂಡೇ ಕಂಪ್ಯೂಟರು ಮುಚ್ಚಿದಳು. ಅವರ ಮೇಲಿನ ಕೋಪದಲ್ಲಿ ರೂಪೇಶ ಆ ಕಂಟೇನರಿಗೆ ಏನೇನು ಬರೆದಿಟ್ಟಿದ್ದಾನೆ ಎಂದು ನೋಡಲಿಲ್ಲ. ಅವನು ಅದಕ್ಕೆ ಯಾವಾಗಲೂ ಏಳು ಎಂಬ ಆಜ್ಞೆ ಕೊಟ್ಟಿದ್ದ. ಆ ಆಜ್ಞೆ ಇದ್ದ ಕಂಟೇನರನ್ನು ಕೈಯಾರೆ ನಿಲ್ಲಿಸಿದರೆ ಅದು ಸುಮ್ಮನೆ ಬಿದ್ದಿರುತ್ತದೆ, ನಿಜ. ಆದರೆ ಡಾಕರೇ ಒಮ್ಮೆ ಮಲಗಿ ಎದ್ದಿತೆಂದರೆ ಅದೂ ಜೊತೆಗೇ ಎದ್ದು ಕೂರುತ್ತದೆ.

ಅಕ್ಟೋಬರಿನ ಒಂದು ಶುಕ್ರವಾರ ಮನೆಯಲ್ಲಿ ಅಣ್ಣ-ತಂಗಿಗೆ ಜಗಳವಾಯಿತು. ಕಿಶೋರನೂ ಪೆಟ್ಟಿಗೆ ಬಂದ್ ಮಾಡಿಯೇ ಹೋಗುವವನು. ಬೇಲೇಕೇರಿಯ ಪಡುವಣಕ್ಕೆ, ಯಾರೂ ಹೋಗದಷ್ಟು ದೂರದಲ್ಲಿ ಅವನದೊಂದು ಜಾಗವಿತ್ತು.

"ನನ್ನ ಜಾಗ ಊರಿಗೆಲ್ಲ ತೋರ್ಸೂಕೆ ನಂಗೇನು ಹುಚ್ಚಾ?" ಎಂದ.

"ಹೋಗು, ಜಾಗ ತಬ್ಕಂಡೇ ಮುಳುಗು. ನಾನು ಅಲ್ಲಿ ಬೋಟಿನವ್ರ ಹೆಂಗಸ್ರಿಗೆಲ್ಲ ಹಸಿರು ಕೆಂಪು ಅಂತ ಪಾಠ ಹೇಳೂದು, ನನ್ನ ಅಣ್ಣನೇ ಬಂದ್ ಮಾಡ್ಕಂಡು ಹೋಗೂದು! ನಾಚ್ಕೆ ಆಗ್ತದೆ ನಂಗೆ."

ಕಿಶೋರ ಊಟದ ಬಟ್ಟಲು ತಳ್ಳಿ ಎದ್ದ. ಕೈ ತೊಳೆದು ಬಂದು, ಅವಳ ಮುಖ ನೋಡದೆ, "ಅಡ್ಡಿಲ್ಲ, ಹಚ್ಚಿಡ್ತೆ. ಇನ್ನು ತಲೆ ತಿನ್ಬೇಡ" ಎಂದ. ಅವಳು ಅದನ್ನು ಪೂರ್ತಿ ನಂಬಲಿಲ್ಲ.

ಶನಿವಾರ ಅವಳು ಕಚೇರಿಯಿಂದ ಹೊರಟ ಮೇಲೆ ಕಿಶೋರನ ಬೋಟು ಬಂದರು ಬಿಟ್ಟಿತು. ಕತ್ತಲಾಗುತ್ತಲೇ ಸದಾಶಿವಗಡದ ಕಡೆಯಿಂದ ಗುಡುಗು ಶುರುವಾಯಿತು. ನಾಗ ಓಡಿಹೋಗಿ ಮೇನು ಇಳಿಸಿದ. ಮಿಂಚು ಕಿಟಕಿಗೇ ಬಂದಂತಾದಾಗ, ಕೈ ರೂಢಿಯಂತೆ, ಸರ್ವರನ್ನು ಬ್ಯಾಟರಿಗೆ ಜೋಡಿಸಿದ್ದ ಪ್ಲಗ್ಗನ್ನೂ ಕಿತ್ತ. ಪಾಪ, ಯಂತ್ರ ಸುಡಬಾರದೆಂದೇ ಕಿತ್ತ. ಭಾನುವಾರ ಬೆಳಕು ಹರಿಯುವ ಮೊದಲೇ ಬಂದು ಎಲ್ಲವನ್ನೂ ಮತ್ತೆ ಚುಚ್ಚಿ, ಟೀವಿ ಹಚ್ಚಿದ. ಸರ್ವರು ಎದ್ದಿತು. ಡಾಕರು, ಗಾಯತ್ರಿ ಕಲಿಸಿದ್ದಂತೆಯೇ, ತಾನಾಗಿ ಎದ್ದಿತು. ಅದರ ಬೆನ್ನಿಗೆ ಎರಡೂ ಕಂಟೇನರುಗಳು ಏಳಲು ನೋಡಿದವು. ಸರ್ವರಿನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಬಾಗಿಲು, ಒಂದೇ ಪೋರ್ಟು. ಸುಳ್ಳಿನದು ಮೊದಲು ಹೊಕ್ಕಿತು, ನಿಜದ್ದು ಹೊರಗೇ ಬಿದ್ದಿತು.

ಭಾನುವಾರ ಅಂಕೋಲೆಯ ಮನೆಯಲ್ಲಿ ಗಾಯತ್ರಿ ತೊಗರಿಬೇಳೆ ಆಯ್ದು ಸಾರಿಗಿಡುತ್ತಿದ್ದಳು. ಬೆಳಿಗ್ಗೆ ಬರಬೇಕಿದ್ದ ಅಣ್ಣನ ಫೋನು ಹತ್ತುತ್ತಿರಲಿಲ್ಲ. ನಾಗನಿಗೆ ಮಾಡಿದಳು.

"ಟೀವಿ ನೋಡು ನಾಗಾ, ಅಣ್ಣನ ಬೋಟು ಎಲ್ಲದೆ?"

"ಬಂದರದಲ್ಲೇ ಅದೆ. ಹಸಿರು. ಈಗಷ್ಟೇ ಸುಕ್ರನ ಹೆಂಡ್ತಿಗೂ ತೋರ್ಸಿದೆ, ನೋಡ್ಕಂಡು ಮನೆಗೆ ಹೋದ್ಲು."

ಬಂದವನು ಬೋಟಿನಲ್ಲೇ ಮಲಗಿರಬೇಕು ಎಂದುಕೊಂಡು ಗಾಯತ್ರಿ ತೆಂಗಿನಕಾಯಿ ತುರಿಯಲು ಕೂತಳು. ತನ್ನ ಕೈಯ ಕೆಲಸದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಮಧ್ಯಾಹ್ನ ಊಟಕ್ಕೂ ಅವನು ಬರಲಿಲ್ಲ. ಮನಸ್ಸು ತಡೆಯದೆ ಅವಳು ಲ್ಯಾಪ್‌ಟಾಪ್ ತೆರೆದು ನಕ್ಷೆ ನೋಡಿದಳು. ಅಣ್ಣನ ಬೋಟು ಬೈತಖೋಲದಲ್ಲಿ ಹಸಿರಾಗಿತ್ತು. ಅದರ ಪಕ್ಕದ್ದೂ ಹಸಿರು. ಅದರ ಆಚೆಯದೂ. ಇಡೀ ಬಂದರಿನ ತುಂಬ ಹಸಿರು ಚುಕ್ಕೆ, ಒಂದೂ ತಪ್ಪದೆ ನಲವತ್ತು.

ಇಷ್ಟು ಪ್ರಾಮಾಣಿಕರ ಬಂದರು ಇದಲ್ಲ. ಈ ಊರಿನಲ್ಲಿ ನಲವತ್ತು ಜನ ಒಟ್ಟಿಗೆ ಪೆಟ್ಟಿಗೆ ಹಚ್ಚಿಟ್ಟ ದಿನ ಇನ್ನೂ ಹುಟ್ಟಿಲ್ಲ.

ಸರ್ವರಿನೊಳಗೆ ಹೋಗಿ ಓಡುತ್ತಿರುವ ಕಂಟೇನರುಗಳನ್ನು ಕೇಳಿದಳು. ಓಡುತ್ತಿದ್ದದ್ದು ಒಂದೇ, ರೂಪೇಶನದು. ಬಂದ್ ಮಾಡಿಟ್ಟದ್ದು ಎದ್ದು ಬಂದಿತ್ತು. "ಹಾಳಾಗಿ ಹೋಗು" ಎಂದು ಒದರಿ ಅದನ್ನು ನಿಲ್ಲಿಸಿ ತೆಗೆದು ಬಿಸಾಕಿದಳು. ಅವಸರದಲ್ಲಿ ಒಂದು ಅಕ್ಷರ ತಪ್ಪಾಯಿತು, ಮತ್ತೆ ಬರೆದಳು. ನಿಜದ್ದನ್ನು ಎಬ್ಬಿಸಿದಳು. ನಲವತ್ತು ಚುಕ್ಕೆಗಳು ಒಮ್ಮೆಲೇ ಮಾಯವಾಗಿ ಕಡಲು ಬರಿದಾಯಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಅಣ್ಣ ಮಾತು ತಪ್ಪಿ ಪೆಟ್ಟಿಗೆ ಬಂದ್ ಮಾಡಿದ್ದಾನೆ ಎಂದು ಅವಳಿಗೆ ಅವನ ಮೇಲೂ ಸಿಟ್ಟು ಬಂತು.

ಆಮೇಲೆ ಬೆಳಗಿನಿಂದ ಕಂಪನಿಯ ಕಡೆ ಕಾದು ಕೂತಿದ್ದ ಸಂದೇಶಗಳು ಸುರಿಯತೊಡಗಿದವು. ಬೇಲೇಕೇರಿಯ ಪಡುವಣಕ್ಕೆ ಒಂದು ಕೆಂಪು ಚುಕ್ಕೆ. ಅದರ ಪಕ್ಕ ಇನ್ನೊಂದು. ಮತ್ತೊಂದು. ಬೋಟು ನೀರಿನ ಸೆಳೆತಕ್ಕೆ ತೇಲಿಹೋದ ದಾರಿಯುದ್ದಕ್ಕೂ ಕೆಂಪು ಚುಕ್ಕೆಗಳ ಸಾಲು. ಎಲ್ಲದರ ಮೇಲೂ ಅಣ್ಣನ ಬೋಟಿನದೇ ಹೆಸರು.

ಅವಳು ಕರಾವಳಿ ಕಾವಲಿನವರಿಗೆ ಫೋನ್ ಮಾಡಿ, ಚುಕ್ಕೆ ನಿಂತ ಜಾಗ ಹೇಳಿ, ಮೈಮೇಲಿದ್ದ ಬಟ್ಟೆಯಲ್ಲೇ ಕಾರವಾರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಂಗೇಶ ಸರ್‌ಗೆ ಬೈದಳು, ರೂಪೇಶನಿಗೆ ಬೈದಳು, ಗುಡುಗಿಗೂ ಬೈದಳು. ಅಮದಳ್ಳಿ ದಾಟುವ ಹೊತ್ತಿಗೆ ಉಳಿದವರೆಲ್ಲ ಮುಗಿದು, ಬೈಯಲು ತಾನೊಬ್ಬಳೇ ಉಳಿದಳು.

ಸುಕ್ರನನ್ನು ಸಂಜೆ ಆಸ್ಪತ್ರೆಗೆ ತಂದರು. ಬೆಳಕು ಹರಿಯುವಾಗ ಬಲೆ ಎಳೆಯುತ್ತಿದ್ದಂತೆ ಅವನ ಬಲಗೈ ಬಲೆ ಸುತ್ತುವ ಯಂತ್ರದ, ವಿಂಚಿನ, ಹಗ್ಗಕ್ಕೆ ಸಿಕ್ಕಿತ್ತು. ಅದನ್ನು ಬಿಡಿಸುವ ಗಡಿಬಿಡಿಯಲ್ಲಿ ಹಗ್ಗ ಹೋಗಿ ಬೋಟಿನಡಿಯಲ್ಲಿ ನೀರು ತಳ್ಳುವ ಫ್ಯಾನಿಗೆ ಸುತ್ತಿ ಇಂಜಿನ್ನು ನಿಂತುಹೋಯಿತು. ಅಷ್ಟು ದೂರದಲ್ಲಿ ವಾಯರ್‌ಲೆಸ್ಸಿಗೆ ಓಗೊಡುವ ಒಂದು ಬೋಟೂ ಇರಲಿಲ್ಲ. ಇದ್ದದ್ದು ಬಿಳಿ ಪೆಟ್ಟಿಗೆ ಒಂದೇ. ಡಾಕ್ಟರು ಹೊರಗೆ ಬಂದು, ಕೈ ತೆಗೆಯಲೇಬೇಕು, ಬೇಗ ತಂದಿದ್ದರೆ ಉಳಿಸಿಕೊಳ್ಳಲು ನೋಡಬಹುದಿತ್ತು ಎಂದರು.

ಕಿಶೋರ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಅವನ ಅಂಗಿಯ ತುಂಬ ಸುಕ್ರನ ರಕ್ತ ಒಣಗಿತ್ತು. ತಂಗಿಯನ್ನು ಕಂಡು ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ.

"ನಿನ್ನ ಮಾತು ಕೇಳಿ ಹಚ್ಚೇ ಇಟ್ಟಿದ್ದೆ ಗಾಯತ್ರಿ. ಬೆಳಕು ಹರಿದಾಗಿಂದ ಒತ್ತಿದೆ. ಒತ್ತಿ ಒತ್ತಿ ಬೆರಳು ನೋಯ್ತು. ಸುಕ್ರನಿಗೆ ಹೇಳ್ತಾನೇ ಇದ್ದೆ, ಹೆದ್ರಬೇಡ, ಅಲ್ಲಿ ನನ್ನ ತಂಗಿ ಅದಾಳೆ, ಈಗ ಬತ್ತ್ರು, ಈಗ ಬತ್ತ್ರು ಅಂತ."

ಅವಳು ಬೆಂಚಿನ ತುದಿಯಲ್ಲಿ ಕೂತಳು.

ಸೋಮವಾರ ಬೆಳಿಗ್ಗೆ ಮಂಗೇಶ ಸರ್ ಸಂಘದ ಸಭಾಂಗಣದಲ್ಲಿ ಕಾದಿದ್ದರು. ಕೇಳಿ ಬಂದ ಹತ್ತಾರು ತಾಂಡೇಲರೂ ಗೋಡೆಗೆ ಒರಗಿ ನಿಂತಿದ್ದರು.

"ದೇವ್ರು ದೊಡ್ಡವ, ಜೀವ ಉಳೀತು" ಎಂದು ಮಂಗೇಶ ಸರ್ ದನಿ ತಗ್ಗಿಸಿ ಹತ್ತಿರ ಬಂದರು. "ಯಾರಾದ್ರೂ ಕೇಳಿದ್ರೆ ಸಿಡಿಲಿಗೆ ಮಿಷನ್ನು ಬಿದ್ದೋಗಿತ್ತು ಅಂತ ಹೇಳು. ಅಷ್ಟೇ ಸಾಕು."

"ಮಿಷನ್ನು ಬೀಳ್ಲಿಲ್ಲ ಸರ್." ಅವಳು ದನಿ ತಗ್ಗಿಸಲಿಲ್ಲ. "ನಾವು ಹೇಳ್ದಾಂಗೇ ಮಾಡ್ತು. ಸುಳ್ಳು ಇಟ್ಕೋ ಅಂದವ್ರು ನೀವು. ಸಿಟ್ಟು ಮಾಡ್ಕಂಡಾದ್ರೂ ಇಟ್ಕಂಡವ್ಳು ನಾನು. ಚಂದ ಕಾಣ್ಲಿ ಅಂತ ಇಟ್ಕಂಡಿದ್ದು ಅದು, ಒಬ್ಬನ ಕೈ ತಿಂತು."

"ಎಲ್ರ ಮುಂದೆ ಎಂತ ಮಾತು ಇದು?"

"ಎಲ್ರ ಮುಂದೇ ಆಡೂ ಮಾತು. ನೀವೂ ಕೇಳಿ!" ಅವಳು ಗೋಡೆಯ ಕಡೆ ತಿರುಗಿದಳು. "ನಿಮ್ಮ ಪೆಟ್ಟಿಗೆಯೆಲ್ಲ ಹಚ್ಚಿದ್ದಿದ್ರೆ ಇವ್ರಿಗೆ ಸುಳ್ಳು ನಕ್ಷೆಯ ಹಂಗೇ ಇರ್ತಿರ್ಲಿಲ್ಲ. ಬಂಗಡೆ ಜಾಗ ಅಂತೆ ಜಾಗ. ಇಟ್ಕಂಡು ಪೂಜೆ ಮಾಡಿ."

ಒಬ್ಬ ತಾಂಡೇಲ ಗೊಣಗಿದ. ಇನ್ನೊಬ್ಬ ಅವನ ರಟ್ಟೆ ಹಿಡಿದು ಸುಮ್ಮನಿರಿಸಿದ. ಗಾಯತ್ರಿ ಕಂಪ್ಯೂಟರಿನ ಮುಂದೆ ಕೂತು, ಸುಳ್ಳಿನ ಕಂಟೇನರನ್ನು ಮತ್ತೆ ಎಬ್ಬಿಸಲು ಬಾರದಂತೆ ಅದರ ಮೂಲ ಅಚ್ಚನ್ನೇ, ಇಮೇಜನ್ನೇ, ಅಳಿಸಿದಳು, ರೂಪೇಶ ಬರೆದಿದ್ದ ಸಾಲುಗಳನ್ನೂ ಅಳಿಸಿದಳು. ಮಂಗೇಶ ಸರ್ ಹಿಂದೆ ನಿಂತು, "ಯಾರನ್ನ ಕೇಳಿ ತೆಗೀತಿದ್ದೀ? ತಂಡ ಬಂದ್ರೆ ನಾನೆಂತ ತೋರ್ಸೂದು?" ಎನ್ನುತ್ತಲೇ ಇದ್ದರು.

"ಇದನ್ನೇ ತೋರ್ಸಿ" ಎಂದು ಟೀವಿಯ ಕಡೆ ಕೈ ಮಾಡಿದಳು. ಅಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯ ಬರಿಗಡಲು. ಬೇಲೇಕೇರಿಯ ಆಚೆ ನಿನ್ನೆಯ ಕೆಂಪು ಸಾಲು ಇನ್ನೂ ಹಾಗೇ ಇತ್ತು. ಎದ್ದು ಹೋಗಿ, ಸರ್ವರಿನ ಮೇಲೆ ಒಣಗಿ ಕಪ್ಪಾಗಿದ್ದ ಮಾಲೆಯನ್ನು ಕಿತ್ತು ಕಿಟಕಿಯಿಂದ ಹೊರಗೆಸೆದಳು. ನಾಗ ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನನ್ನು ಯಾರೂ ಬೈದಿರಲಿಲ್ಲ, ಅದೇ ಅವನಿಗೆ ತಾಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ತಿಮ್ಮಿ ಬಂದಳು. ಬೋಟಿನಲ್ಲಿ ಉಳಿದಿದ್ದ ಗಂಡನ ಬಟ್ಟೆ, ಬುತ್ತಿಪಾತ್ರೆ ತೆಗೆದುಕೊಂಡು ಆಸ್ಪತ್ರೆಗೆ ಹೊರಟವಳು. ಗೋಡೆಗೆ ಒರಗಿದ್ದವರು ಅವಳಿಗೆ ದಾರಿ ಬಿಟ್ಟರು. ಅವಳು ರೂಢಿಯಂತೆ ಟೀವಿಯ ಮುಂದೆ ನಿಂತು, ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು.

"ಅಕ್ಕೋರೇ, ಇದು ಖರೇ ಹೇಳ್ತದಾ?"

ಮಂಗೇಶ ಸರ್ ನೆಲ ನೋಡಿದರು. ಗಾಯತ್ರಿಯ ಸಿಟ್ಟೆಲ್ಲ ಎಲ್ಲೋ ಇಳಿದುಹೋಗಿ, ಸಣ್ಣ ದನಿಯೊಂದೇ ಹೊರಬಂತು.

"ಹೂಂ ತಿಮ್ಮೀ. ಈಗ ಖರೇ ಹೇಳ್ತದೆ."

ತಿಮ್ಮಿ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಗಾಯತ್ರಿ ತಾಳಿಕೊಳ್ಳುತ್ತಿದ್ದಳು.

"ನಿನ್ನೆ ಹಸಿರು ನೋಡಿ, ಬಂದ್ರು ಅಂದ್ಕಂಡು, ಅವ್ರಿಗೆ ಬಿಸಿನೀರು ಕಾಯ್ಸಿ ಕೂತಿದ್ದೆ ಅಕ್ಕೋರೇ" ಎಂದು ಹೇಳಿ ಹೊರಟುಹೋದಳು.